ಮಾಡಿದ ಕೈಯ ಹೆಸರು

ಗೊಂಬೆಗೆ ತಾನು ಗೊಂಬೆ ಎಂದು ಗೊತ್ತಾದರೆ ಏನಾಗುತ್ತದೆ? ದೊಡ್ಡವರ ತತ್ವಶಾಸ್ತ್ರದ ಪುಸ್ತಕದಲ್ಲಿ ಇರಬೇಕಾದ ಈ ಪ್ರಶ್ನೆಯನ್ನು ಒಂದು ಮಕ್ಕಳ ಸಿನಿಮಾ ಕೇಳಿತ್ತು. 1995ರ ನವೆಂಬರಿನಲ್ಲಿ ಅಮೆರಿಕದಲ್ಲಿ ಬಿಡುಗಡೆಯಾದ ಅದರ ಹೆಸರು 'ಟಾಯ್ ಸ್ಟೋರಿ'. ಪೂರ್ತಿಯಾಗಿ ಕಂಪ್ಯೂಟರಿನಲ್ಲೇ ತಯಾರಾದ ಮೊದಲ ಪೂರ್ಣಪ್ರಮಾಣದ ಚಿತ್ರ ಅದು. ಅದರಲ್ಲಿ ಬಜ್ ಲೈಟ್‌ಇಯರ್ ಎಂಬ ಗಗನಯಾತ್ರಿ ಗೊಂಬೆಯಿದೆ. ಚಂದ್ರನ ಮೇಲೆ ನಡೆದ ಬಜ್ ಆಲ್ಡ್ರಿನ್ ನೆನಪಿಗೆ ಇಟ್ಟ ಹೆಸರು. ತಲೆಗೆ ಗಾಜಿನ ಬುರುಡೆಯಂಥ ಟೊಪ್ಪಿಗೆ, ಗುಂಡಿ ಒತ್ತಿದರೆ ಚಾಚಿಕೊಳ್ಳುವ ರೆಕ್ಕೆ, ಸದಾ ಹುರುಪಿನ ಮಾತು. ಆ ಗೊಂಬೆಗೆ ತಾನು ಗೊಂಬೆ ಎಂಬುದೇ ಗೊತ್ತಿಲ್ಲ. ಬ್ರಹ್ಮಾಂಡವನ್ನು ಕಾಯುವ ನಿಜವಾದ ಯೋಧ ತಾನು, ದಾರಿ ತಪ್ಪಿ ಯಾವುದೋ ಹುಡುಗನ ಮಂಚದ ಮೇಲೆ ಇಳಿದಿದ್ದೇನೆ ಎಂದೇ ಅದು ನಂಬಿದೆ.

ಆಮೇಲೆ ಒಂದು ಮನೆಯ ಟಿ.ವಿ.ಯಲ್ಲಿ ಅದು ತನ್ನದೇ ಜಾಹೀರಾತು ನೋಡುತ್ತದೆ. ಅಂಗಡಿಯ ಕಪಾಟಿನ ತುಂಬ ತನ್ನಂಥವೇ ಗೊಂಬೆಗಳು. ಕೈಯ ಮೇಲಿನ ಪುಟ್ಟ ಮುಚ್ಚಳ ತೆರೆದು ನೋಡಿದರೆ ಅಲ್ಲಿ ತೈವಾನಿನಲ್ಲಿ ತಯಾರಾದದ್ದು ಎಂದು ಅಚ್ಚಾಗಿದೆ. ನಂಬಲಾರದೆ ಮೆಟ್ಟಿಲ ಕಟಾಂಜನದಿಂದ ಹಾರಲು ಹೋಗಿ ಕೆಳಗೆ ಬಿದ್ದು ಒಂದು ತೋಳು ಕಿತ್ತುಕೊಳ್ಳುತ್ತದೆ. ಅದನ್ನು ಮತ್ತೆ ಎಬ್ಬಿಸಿ ನಿಲ್ಲಿಸುವುದು ಅದರ ಕಾಲಡಿಯಲ್ಲಿರುವ ಇನ್ನೊಂದು ಬರಹ. ಆ ಗೊಂಬೆಯೊಂದಿಗೆ ಆಡುವ ಹುಡುಗ ಆಂಡಿ ತನ್ನ ಹೆಸರನ್ನು ಅದರ ಬೂಟಿನ ತಳದಲ್ಲಿ ಬರೆದಿರುತ್ತಾನೆ.

ಈ ಚಿತ್ರವನ್ನು ನಾನು ಮೊದಲ ಸಲ ನೋಡಿದ್ದು ಬೆಂಗಳೂರಿನಲ್ಲಿ ಅಕ್ಕನ ಮನೆಯಲ್ಲಿ, ಬಾಡಿಗೆಗೆ ತಂದ ವಿಸಿಡಿಯಲ್ಲಿ. ಜೊತೆಗೆ ಕುಳಿತಿದ್ದವನು ಆರು ವರ್ಷದ ಅಕ್ಕನ ಮಗ. ಅವನಿಗೆ ಅದು ಹತ್ತನೆಯ ಸಲವೋ ಹನ್ನೆರಡನೆಯ ಸಲವೋ. 1999ರಲ್ಲಿ ಚಿತ್ರದ ಎರಡನೆಯ ಭಾಗ ಬಂದಾಗ ಅದರ ಜೊತೆಗೇ ಒಂದು ವಿಡಿಯೋ ಗೇಮ್ ಕೂಡ ಬಂದಿತ್ತು. ಅದರಲ್ಲಿ ಆಡುವ ಮಗುವೇ ಬಜ್ ಆಗಿ ಗೆಳೆಯನನ್ನು ಹುಡುಕಿಕೊಂಡು ಹೋಗಬೇಕು. ಭಾವನ ಹಳೆಯ ಕಂಪ್ಯೂಟರಿನಲ್ಲಿ ಹುಡುಗ ಅದನ್ನು ಹಾಕಿಕೊಂಡು ಕುಳಿತರೆ ಮಗ್ರಿಬ್‌ನ ಅಜಾನ್ ಆದರೂ ಏಳುತ್ತಿರಲಿಲ್ಲ. "ಮಾಮು, ನೋಡಿ, ಹಾರ್ತಾ ಇದ್ದೀನಿ" ಎಂದು ಕೂಗುತ್ತಿದ್ದ. ಅಕ್ಕ ಅಡುಗೆಮನೆಯಿಂದಲೇ, "ಹಾರಿದ್ದು ಸಾಕು, ಇಳಿದು ಬಂದು ರೊಟ್ಟಿ ತಿನ್ನು" ಎನ್ನುತ್ತಿದ್ದಳು.

ನನ್ನ ತಲೆಯಲ್ಲಿ ಉಳಿದದ್ದು ಮಾತ್ರ ಆ ಎರಡು ಬರಹಗಳು. ಕೈ ಮೇಲೆ ದೇಶದ ಹೆಸರು, ಕಾಲಡಿಯಲ್ಲಿ ಆಡುವ ಮಗುವಿನ ಹೆಸರು. ಮಾಡಿದವರ ಹೆಸರು ಎಲ್ಲೂ ಇಲ್ಲ. ಬೇರೆ ಊರಿನಲ್ಲಿ ಹುಟ್ಟಿದ್ದರೆ ನನಗೆ ಈ ಕೊರತೆ ಕಾಣುತ್ತಿತ್ತೋ ಇಲ್ಲವೋ. ನಾನು ಹುಟ್ಟಿದ್ದು ರಾಮನಗರದಲ್ಲಿ. ಅಬ್ಬಾಜಾನ್ ರೇಷ್ಮೆ ನೂಲು ತೆಗೆಯುವ ರೀಲರ್. ಬೆಳಗಾದರೆ ಗೂಡಿನ ಮಾರುಕಟ್ಟೆ, ಸಂಜೆಯಾದರೆ ಕುದಿಯುವ ನೀರಿನ ಹಬೆ ಮತ್ತು ಆ ವಾಸನೆ. ಅವರು ತೆಗೆದ ನೂಲು ಯಾವ ಊರಿನ ಯಾವ ಮದುವಣಗಿತ್ತಿಯ ಸೀರೆಯಾಯಿತೋ ಅವರಿಗೆ ತಿಳಿಯಲಿಲ್ಲ. ಆ ಮದುವಣಗಿತ್ತಿಗೂ ಇವರು ಯಾರೆಂದು ತಿಳಿಯಲಿಲ್ಲ. ನಮ್ಮೂರಿಗೆ ಬರುವ ಪ್ರವಾಸಿಗಳು ಕೇಳುತ್ತಿದ್ದುದು ರೇಷ್ಮೆಯ ಮಾತನ್ನಲ್ಲ, 1975ರಲ್ಲಿ ತೆರೆಕಂಡ 'ಶೋಲೆ'ಯ ಗಬ್ಬರ್ ಕೂತಿದ್ದ ಬಂಡೆ ಎಲ್ಲಿದೆ ಎಂದು. ಇಲ್ಲದ ಡಕಾಯಿತನ ವಿಳಾಸ ಎಲ್ಲರಿಗೂ ಬೇಕಾಗಿತ್ತು.

ಹೆಸರಿನ ವಿಷಯದಲ್ಲಿ ನಮ್ಮ ಸೀಮೆಯದು ಯಾವಾಗಲೂ ಹೀಗೆಯೇ. ರಾಮನಗರ, ಚನ್ನಪಟ್ಟಣ, ಕನಕಪುರ, ಮಾಗಡಿ ಈ ನಾಲ್ಕು ತಾಲೂಕುಗಳು ಬೆಂಗಳೂರು ಗ್ರಾಮಾಂತರದಿಂದ ಬೇರ್ಪಟ್ಟು 2007ರಲ್ಲಿ ರಾಮನಗರ ಜಿಲ್ಲೆಯಾದವು. 2025ರಲ್ಲಿ ರಾಜ್ಯ ಸರಕಾರ ಆ ಜಿಲ್ಲೆಗೆ ಬೆಂಗಳೂರು ದಕ್ಷಿಣ ಎಂದು ಹೆಸರಿಟ್ಟಿತು. ಇಷ್ಟರ ನಡುವೆಯೂ ಹೆಸರು ಕೆಡಿಸಿಕೊಳ್ಳದೆ ಉಳಿದ ಊರು ಚನ್ನಪಟ್ಟಣ. ಅದು 'ಗೊಂಬೆಗಳ ಊರು'. ರೈಲಿನಲ್ಲಿ ಮೈಸೂರಿಗೆ ಹೋಗುವವರ ಮಗು ಕೂಡ ಆ ಹೆಸರನ್ನು ಗುರುತಿಸುತ್ತದೆ.

ಪರ್ಶಿಯಾದ ಕುಶಲಕರ್ಮಿಗಳನ್ನು ಕರೆಸಿ ಈ ಅರಗಿನ ಕೆಲಸವನ್ನು ಇಲ್ಲಿಯವರಿಗೆ ಕಲಿಸಿದವನು ಟಿಪ್ಪು ಸುಲ್ತಾನ್ ಎಂಬುದು ಊರಿನಲ್ಲಿ ಎಲ್ಲರೂ ಹೇಳುವ ಮಾತು. ಆಮೇಲೆ ಜಪಾನಿನ ಗೊಂಬೆ ಮಾಡುವ ಕ್ರಮವನ್ನು ಇಲ್ಲಿಗೆ ತಂದು ಬೆಳೆಸಿದವರೆಂದು ಬಾವಾಸ್ ಮಿಯಾನ್ ಅವರ ಹೆಸರನ್ನು ಗೌರವದಿಂದ ನೆನೆಯುತ್ತಾರೆ. ಕೆಲಸ ಕಣ್ಣಿಗೆ ಸುಲಭವಾಗಿ ಕಾಣುತ್ತದೆ. ಹಾಲೆ ಮರ, ಊರಿನವರ ಬಾಯಲ್ಲಿ ಆಲೆ ಮರ, ಆನೆದಂತದ ಬಣ್ಣದ ಮೆತುವಾದ ಮರ. ಅದನ್ನು ಕಡಿದು ತಂದು ತಿಂಗಳುಗಟ್ಟಲೆ ಒಣಗಿಸುತ್ತಾರೆ. ಲೇತಿಗೆ ಸಿಕ್ಕಿಸಿ ತಿರುಗಿಸುತ್ತ ಉಳಿ ಹಿಡಿದರೆ ಬೇಕಾದ ಆಕಾರ ಬರುತ್ತದೆ. ಹಿಂದೆ ಬಿಲ್ಲಿನಂಥ ಕೋಲಿಗೆ ಹಗ್ಗ ಕಟ್ಟಿ ಒಂದು ಕೈಯಲ್ಲಿ ಎಳೆಯುತ್ತ ಇನ್ನೊಂದು ಕೈಯಲ್ಲಿ ಉಳಿ ಹಿಡಿಯುತ್ತಿದ್ದರು, ಈಗ ಹೆಚ್ಚಿನ ಕಡೆ ಕರೆಂಟಿನ ಲೇತು. ಆಕಾರ ಬಂದ ಮೇಲೆ ಬಣ್ಣ ಬೆರೆಸಿದ ಅರಗಿನ ಕಡ್ಡಿಯನ್ನು ತಿರುಗುವ ಮರಕ್ಕೆ ಒತ್ತಿ ಹಿಡಿಯುತ್ತಾರೆ. ಬೆಂಕಿ ಬೇಡ, ಕುಂಚ ಬೇಡ. ಉಜ್ಜುವ ಕಾವಿಗೇ ಅರಗು ಕರಗಿ ಮರವನ್ನು ಹಿಡಿದುಕೊಳ್ಳುತ್ತದೆ. ಕೊನೆಗೆ ಅವರು ತಾಳೆಗರಿ ಎನ್ನುವ, ಕೇದಗೆ ಜಾತಿಯ ಉದ್ದನೆಯ ಎಲೆಯಿಂದ ಒರೆಸಿದರೆ ಕನ್ನಡಿಯ ಹೊಳಪು. ಅರಿಶಿನದಂಥ ಗಿಡಮೂಲದ ಬಣ್ಣ ಹಾಕಿದ ಗಿಲಕಿಯನ್ನು ಹಲ್ಲು ಬರುವ ಕೂಸು ಬಾಯಿಗೆ ಹಾಕಿಕೊಂಡರೂ ತಾಯಿ ಹೆದರಬೇಕಿಲ್ಲ.

ಈ ಕೆಲಸದಲ್ಲಿರುವ ಕೈಗಳಲ್ಲಿ ಬಹಳಷ್ಟು ಮುಸ್ಲಿಮರವು. ದಸರೆಯಲ್ಲಿ ಗೊಂಬೆ ಕೂರಿಸುವ ಮನೆಗೆ ಗೊಂಬೆ ಹೋಗುವುದೂ ಇಲ್ಲಿಂದ, ಮುತ್ತೈದೆಯ ಕುಂಕುಮದ ಭರಣಿ ತಯಾರಾಗುವುದೂ ಇಲ್ಲೇ. ಇದನ್ನು ಯಾರೂ ಸೌಹಾರ್ದ ಎಂದು ಕರೆದು ಭಾಷಣ ಮಾಡಿರಲಿಲ್ಲ. ಜುಮಾ ನಮಾಜಿಗೆ ಹೋಗುವ ಮುನ್ನ ಕೈಯ ಕೆಂಪು ಅರಗನ್ನು ತಿಕ್ಕಿ ತಿಕ್ಕಿ ತೊಳೆಯುವುದೊಂದೇ ಅವರಿಗಿದ್ದ ತೊಂದರೆ.

ಗೊಂಬೆ ಎಂದರೆ ನಮ್ಮ ಮನೆಗಳಲ್ಲಿ ಒಂದು ಸಣ್ಣ ಅಳುಕೂ ಇರುತ್ತದೆ ಎಂಬುದನ್ನು ಮುಚ್ಚಿಡಬೇಕಾಗಿಲ್ಲ. ದಾದಿ ನಮಾಜಿನ ಚಾಪೆ ಹಾಸುವ ಮೊದಲು ಕಪಾಟಿನ ಕಡೆ ಕೈ ತೋರಿಸಿ, "ಮೂ ಫಿರಾಕೊ ರಖ್ ಬೇಟಾ" ಎನ್ನುತ್ತಿದ್ದರು. ನಾನು ಹೋಗಿ ಗೊಂಬೆಯ ಮುಖವನ್ನು ಗೋಡೆಗೆ ತಿರುಗಿಸಿಡುತ್ತಿದ್ದೆ. ಸಲಾಂ ಹೇಳಿ ನಮಾಜು ಮುಗಿಸಿದವರೇ, ಈಗ ತಿರುಗಿಸು, ಪಾಪ ಎಷ್ಟು ಹೊತ್ತು ಗೋಡೆ ನೋಡೀತು ಎನ್ನುತ್ತಿದ್ದರು. ಹಜ್ರತ್ ಆಯಿಷಾ(ರ) ಅವರ ಗೊಂಬೆಗಳ ಪ್ರಸಂಗವನ್ನು ನನಗೆ ಮೊದಲು ಹೇಳಿದ್ದೂ ದಾದಿಯೇ. ಮುಂದೆ ಉರ್ದು ಶಾಲೆಯಲ್ಲಿ ಮೌಲ್ವಿ ಸಾಹೇಬರೂ ಹೇಳಿದರು. ಅಬೂ ದಾವೂದ್ ಅವರ ಹದೀಸ್ ಸಂಗ್ರಹದಲ್ಲಿ ಅದು ಬರುತ್ತದೆ. ಆಯಿಷಾರ ಗೊಂಬೆಗಳ ನಡುವೆ ಬಟ್ಟೆಯ ಚೂರಿನ ರೆಕ್ಕೆ ಕಟ್ಟಿದ ಒಂದು ಕುದುರೆ ಇತ್ತು. ಪ್ರವಾದಿವರ್ಯರು(ಸ) ಅದನ್ನು ನೋಡಿ, ಕುದುರೆಗೂ ರೆಕ್ಕೆಯೇ ಎಂದು ವಿಚಾರಿಸಿದರು. ಸುಲೈಮಾನರ ಕುದುರೆಗಳಿಗೆ ರೆಕ್ಕೆ ಇದ್ದುದು ನಿಮಗೆ ಗೊತ್ತಿಲ್ಲವೇ ಎಂದು ಆಯಿಷಾ ಮರುಪ್ರಶ್ನೆ ಹಾಕಿದರು. ಪ್ರವಾದಿವರ್ಯರು(ಸ) ದವಡೆ ಹಲ್ಲು ಕಾಣುವಷ್ಟು ನಕ್ಕರು. ಮಕ್ಕಳ ಆಟದ ಗೊಂಬೆಯ ವಿಷಯದಲ್ಲಿ ಅನೇಕ ವಿದ್ವಾಂಸರು ಸಡಿಲು ತೋರಿಸಿದ್ದಕ್ಕೆ ಆಯಿಷಾರ ಈ ಗೊಂಬೆಗಳೇ ಆಧಾರ. ನನಗಂತೂ ಆ ನಗು ಮುಖ್ಯ. ರೆಕ್ಕೆ ಇರಬಾರದ ಕಡೆ ರೆಕ್ಕೆ ಇಡುವ ಹಕ್ಕು ಮಗುವಿಗಿದೆ ಎಂದು ಒಪ್ಪಿದ ನಗು ಅದು.

ರೆಕ್ಕೆಯ ಗೊಂಬೆಯನ್ನೇ ಕೇಳಿಕೊಂಡು ಅಕ್ಕನ ಮಗ ಒಂದು ರಜೆಯಲ್ಲಿ ನನ್ನ ಜೊತೆ ಚನ್ನಪಟ್ಟಣಕ್ಕೆ ಬಂದ. 2003ರ ಬೇಸಿಗೆ ಇರಬೇಕು. ಅಂಗಡಿಯಲ್ಲಿ ಬಜ್ ಗೊಂಬೆಗೆ ಹೇಳಿದ ಬೆಲೆ ಕೇಳಿ ಭಾವ ಸುಮ್ಮನಾಗಿದ್ದರು. ಗೊಂಬೆಗಳ ಊರಿನಲ್ಲಿ ಅದು ಸಿಕ್ಕೇ ಸಿಗುತ್ತದೆ ಎಂದು ಹುಡುಗನಿಗೆ ಭರವಸೆ. ಅಬ್ಬಾಜಾನರ ಪರಿಚಯದ ಒಬ್ಬ ಚಾಚಾ ಮನೆಯ ಮುಂದಿನ ಕೋಣೆಯಲ್ಲೇ ಲೇತು ಇಟ್ಟುಕೊಂಡಿದ್ದರು. ಹುಡುಗ ಕೈಕಾಲು ಆಡಿಸಿ ಬಜ್‌ನ ವರ್ಣನೆ ಮಾಡಿದ. ಚಾಚಾ ಗಂಭೀರವಾಗಿ ಕೇಳಿಸಿಕೊಂಡರು.

"ತಲೆ ಗುಂಡಗೆ?"

"ಹೂಂ, ಗಾಜಿನ ಟೋಪಿ."

"ಅದೂ ಗುಂಡಗೆ. ಹೊಟ್ಟೆ?"

"ಗುಂಡಗೆ."

"ಹಾಗಾದರೆ ಆಗುತ್ತೆ ಬೇಟಾ. ಲೇತು ಗುಂಡಗಿರೋದನ್ನ ಮಾತ್ರ ಕೊಡುತ್ತೆ. ರೆಕ್ಕೆ ಕೊಡಲ್ಲ."

ಹುಡುಗನ ಮುಖ ಇಳಿಯಿತು. ರೆಕ್ಕೆ ಇಲ್ಲದೆ ಅವನು ಹಾರುವುದು ಹೇಗೆ? ಚಾಚಾ ಮಾತಾಡದೆ ಕೆಲಸ ಹಿಡಿದರು. ಅರ್ಧ ಗಂಟೆಯಲ್ಲಿ ಬಿಳಿ ಮೈ, ಹಸಿರು ಪಟ್ಟಿ, ನೇರಳೆ ತಲೆಯ ಒಂದು ದುಂಡು ಗಗನಯಾತ್ರಿ ಸಿದ್ಧವಾದ. ಕಾಲಿನ ಜಾಗದಲ್ಲಿ ಕಾಲಿರಲಿಲ್ಲ, ಬುಗುರಿಯ ಮೊನೆ ಇತ್ತು. ತಲೆಯ ಮೇಲಿನ ಕಡ್ಡಿ ಹಿಡಿದು ತಿರುಗಿಸಿ ನೆಲಕ್ಕೆ ಬಿಟ್ಟರು. ಅದು ಗಿರಗಿರನೆ ತಿರುಗುತ್ತ ನಿಂತಿತು. "ಹಾರೋಕೆ ರೆಕ್ಕೆ ಬೇಕು. ಆಕಾಶದಲ್ಲಿ ಇರೋಕೆ ತಿರುಗಿದರೆ ಸಾಕು. ಚಂದ್ರ ಏನು ಮಾಡ್ತಾನೆ, ಭೂಮಿ ಏನು ಮಾಡುತ್ತೆ?" ಎಂದರು. ಅವರು ನಾಲ್ಕನೆಯ ಜಮಾತಿನವರೆಗೆ ಓದಿದವರು.

ಹುಡುಗ ಅದನ್ನು ತಲೆಕೆಳಗು ಮಾಡಿ ಹುಡುಕತೊಡಗಿದ. ಏನು ಎಂದರೆ, ಎಲ್ಲಿ ತಯಾರಾದದ್ದು ಎಂದು ಬರೆದಿಲ್ಲವಲ್ಲ ಎಂದ. ಚಾಚಾ ನಕ್ಕು ಬಾಗಿಲ ಕಡೆ ಕೈ ತೋರಿಸಿದರು. "ಇಲ್ಲೇ ತಯಾರಾದದ್ದು. ನೀನೇ ನೋಡಿದೆಯಲ್ಲ!" ಹಾಗಾದರೆ ನಿಮ್ಮ ಹೆಸರು ಬರೆಯಿರಿ ಎಂದು ಹುಡುಗ ಹಟ ಹಿಡಿದ. ಅವರು ಬರೆಯಲಿಲ್ಲ. ಆಡುವವನ ಹೆಸರು ಇರಲಿ ಎಂದು ಪೆನ್ಸಿಲ್ಲನ್ನು ಅವನ ಕೈಗೇ ಕೊಟ್ಟರು.

ಆ ವರ್ಷಗಳಲ್ಲಿ ಚನ್ನಪಟ್ಟಣದ ಕೆಲಸ ಸೊರಗುತ್ತಿತ್ತು. ಚೀನಾದ ಪ್ಲಾಸ್ಟಿಕ್ ಆಟಿಕೆ ಸಂತೆಯ ಚಾಪೆಯ ಮೇಲೂ ಬಂದಿತ್ತು. ಅದಕ್ಕೆ ದೀಪ, ಸದ್ದು, ಓಡುವ ಚಕ್ರ. ನಮ್ಮದಕ್ಕೆ ಹೊಳಪು ಮಾತ್ರ. ಟಾಯ್ ಸ್ಟೋರಿಯ ಬಜ್ ಕೂಡ ಮೊದಲು ಯಾರಿಗೂ ಬೇಡವಾಗಿದ್ದ ಗೊಂಬೆಯೇ. ದೊಡ್ಡ ಕಂಪೆನಿಗಳು ಕೈಬಿಟ್ಟ ಮೇಲೆ ಕೆನಡಾದ ಥಿಂಕ್‌ವೇ ಎಂಬ ಸಣ್ಣ ಕಂಪೆನಿ ಅದನ್ನು ತಯಾರಿಸಲು ಮುಂದೆ ಬಂತು. 1995ರ ಕ್ರಿಸ್‌ಮಸ್ಸಿಗೆ ಅಮೆರಿಕದ ಅಂಗಡಿಗಳಲ್ಲಿ ಗೊಂಬೆ ಸಾಲದೇ ಹೋಯಿತು. ಒಂದು ಸಿನಿಮಾ ಹಿಂದೆ ನಿಂತರೆ ಗೊಂಬೆಗೆ ಎಂಥ ಗಿರಾಕಿ! ನಮ್ಮ ಬುಗುರಿಯ ಹಿಂದೆ ಯಾವ ಸಿನಿಮಾವೂ ನಿಂತಿರಲಿಲ್ಲ.

ಆಮೇಲೆ ಗಾಳಿ ಸ್ವಲ್ಪ ತಿರುಗಿತು ಎನ್ನಬೇಕು. 2005-06ರಲ್ಲಿ ಚನ್ನಪಟ್ಟಣದ ಆಟಿಕೆಗೆ ಭೌಗೋಳಿಕ ಸೂಚಕದ ನೋಂದಣಿ ಸಿಕ್ಕಿ ಊರಿನ ಹೆಸರಿಗೆ ಕಾನೂನಿನ ಕಾವಲು ಬಂತು. 2007ರಲ್ಲಿ ಬಣ್ಣದಲ್ಲಿ ಸೀಸ ಇದೆ ಎಂದು ಮ್ಯಾಟೆಲ್ ಕಂಪೆನಿ ಚೀನಾದಲ್ಲಿ ಮಾಡಿಸಿದ ಲಕ್ಷಾಂತರ ಆಟಿಕೆಗಳನ್ನು ವಾಪಸು ಕರೆಸಿಕೊಂಡಾಗ ಮಗುವಿನ ಬಾಯಿಗೆ ಹೋಗುವ ಬಣ್ಣ ಯಾವುದು ಎಂದು ಲೋಕದ ತಾಯಂದಿರು ಕೇಳತೊಡಗಿದರು. 2010ರಲ್ಲಿ ಭಾರತಕ್ಕೆ ಬಂದ ಮಿಶೆಲ್ ಒಬಾಮಾ ದೆಹಲಿಯಲ್ಲಿ ಚನ್ನಪಟ್ಟಣದ ಆಟಿಕೆ ಕೊಂಡರು ಎಂದು ಪತ್ರಿಕೆಗಳಲ್ಲಿ ಬಂದಾಗ ಊರಿಗೆ ಊರೇ ಹಿಗ್ಗಿತು. 2020ರಲ್ಲಿ ಪ್ರಧಾನಿ ತಮ್ಮ ಬಾನುಲಿ ಭಾಷಣದಲ್ಲಿ ಚನ್ನಪಟ್ಟಣದ ಹೆಸರು ಹೇಳಿದರು. ಅದೇ ವರ್ಷ ಹೊರದೇಶದ ಆಟಿಕೆಯ ಮೇಲಿನ ಸುಂಕ ಶೇ. 20ರಿಂದ 60ಕ್ಕೆ ಏರಿತು, 2023ರಲ್ಲಿ 70 ಆಯಿತು. 2021ರ ಜನವರಿಯಿಂದ ಆಟಿಕೆಗೆ ಐ.ಎಸ್.ಐ. ಗುರುತು ಕಡ್ಡಾಯವಾದಾಗ ನೋಂದಾಯಿತ ಕರಕುಶಲಿಗರಿಗೆ ವಿನಾಯಿತಿಯೂ ಸಿಕ್ಕಿತು.

ಇವೆಲ್ಲ ಒಳ್ಳೆಯದೇ. ಆದರೆ ಇವುಗಳಲ್ಲಿ ಯಾವುದೂ ಲೇತಿನ ಮುಂದೆ ಕೂತವನ ದಿನದ ಕೂಲಿಯನ್ನು ನೇರವಾಗಿ ಮುಟ್ಟುವುದಿಲ್ಲ. ಅವನಿಗೆ ಸಿಗುವುದು ಡಜನ್ನಿನ ಲೆಕ್ಕ. ಹಾಲೆ ಮರದ ಬೆಲೆ ಏರಿದರೂ, ಕರೆಂಟು ಹೋಗಿ ಅರ್ಧ ದಿನ ಕೈಕಟ್ಟಿ ಕೂತರೂ, ಡಜನ್ನಿನ ಲೆಕ್ಕ ಬದಲಾಗುವುದಿಲ್ಲ. ಚಂದದ ಪೆಟ್ಟಿಗೆಯಲ್ಲಿ ಕೂತು ಬೆಂಗಳೂರಿನ ಮಾಲ್ ಸೇರಿದ ಮೇಲೆ ಅದೇ ಗೊಂಬೆಯ ಬೆಲೆ ಬೇರೆ. ಪೆಟ್ಟಿಗೆಯ ಮೇಲೆ ಪರಂಪರೆ ಎಂಬ ಮಾತು ಇಂಗ್ಲಿಷಿನಲ್ಲಿ ಇರುತ್ತದೆ. ಅಷ್ಟರಲ್ಲಿ 2023ರ ಮಾರ್ಚಿನಲ್ಲಿ ಬೆಂಗಳೂರು-ಮೈಸೂರು ದಶಪಥ ಉದ್ಘಾಟನೆಯಾಯಿತು. ರಾಮನಗರ, ಚನ್ನಪಟ್ಟಣಗಳನ್ನು ಪಕ್ಕಕ್ಕೆ ಸರಿಸಿ ಹೋಗುವ ರಸ್ತೆ. ಹಳೆಯ ಹೆದ್ದಾರಿಯ ಅಂಚಿನಲ್ಲಿ ಮರದ ಕುದುರೆಗಳನ್ನು ಸಾಲಾಗಿ ನಿಲ್ಲಿಸಿ, ಕಾರಿನಲ್ಲಿ ಬರುವ ಮಕ್ಕಳು ಅಪ್ಪನ ತೋಳು ಜಗ್ಗಲಿ ಎಂದು ಕಾಯುತ್ತಿದ್ದ ಅಂಗಡಿಗಳಿಗೆ ಆ ಕಾರುಗಳೇ ಬರದಾದವು. ಗಂಟೆಗೆ ನೂರು ಕಿಲೋಮೀಟರು ಓಡುವ ಕಾರಿನಿಂದ ಮಗುವಿಗೆ ಕುದುರೆ ಕಾಣುವುದಿಲ್ಲ, ಮಗು ಅಳುವುದೂ ಇಲ್ಲ. ಗೊಂಬೆ ವ್ಯಾಪಾರದಲ್ಲಿ ಮಗುವಿನ ಅಳುವೇ ದೊಡ್ಡ ಬಂಡವಾಳ.

ಗೊಂಬೆಗಳು ನಿಜವಾಗಿಯೂ ಆಕಾಶಕ್ಕೆ ಹೋಗಿಬಂದಿವೆ. 2008ರ ಮೇ ಕೊನೆಯಲ್ಲಿ ಡಿಸ್ಕವರಿ ನೌಕೆಯಲ್ಲಿ ಒಂದು ಬಜ್ ಗೊಂಬೆ ಅಂತರರಾಷ್ಟ್ರೀಯ ಬಾಹ್ಯಾಕಾಶ ನಿಲ್ದಾಣಕ್ಕೆ ಹೋಗಿ, ಅಲ್ಲಿ ಒಂದು ವರ್ಷಕ್ಕೂ ಹೆಚ್ಚು ಕಾಲ ಇದ್ದು, 2009ರ ಸೆಪ್ಟೆಂಬರಿನಲ್ಲಿ ಇಳಿದು ಬಂತು. ಈಗ ಅದು ವಾಷಿಂಗ್ಟನ್ನಿನ ಸ್ಮಿತ್ಸೋನಿಯನ್ ವಸ್ತುಸಂಗ್ರಹಾಲಯದ ಸೊತ್ತು. 2025ರ ಜೂನ್ 25ರಂದು ನಮ್ಮ ಶುಭಾಂಶು ಶುಕ್ಲಾ ಅದೇ ನಿಲ್ದಾಣಕ್ಕೆ ಹೊರಟಾಗ ನೌಕೆಯಲ್ಲಿ 'ಜಾಯ್' ಎಂಬ ಪುಟ್ಟ ಹಂಸದ ಗೊಂಬೆ ಇತ್ತು. ಅದು ಗಾಳಿಯಲ್ಲಿ ತೇಲತೊಡಗಿದರೆ ತೂಕವಿಲ್ಲದ ಸ್ಥಿತಿ ಬಂತೆಂದು ಅರ್ಥ. ಈಗ ಸಂಸಾರಸ್ಥನಾಗಿರುವ ಅಕ್ಕನ ಮಗ ಆ ಚಿತ್ರ ನೋಡಿ ನನಗೆ ಫೋನು ಮಾಡಿ, "ಮಾಮು, ಚಾಚಾರ ಬುಗುರಿಯನ್ನ ಅಲ್ಲಿ ಬಿಟ್ಟಿದ್ದರೆ ಇನ್ನೂ ತಿರುಗ್ತಾ ಇರ್ತಿತ್ತು" ಎಂದ. ಅಲ್ಲಿ ನೆಲದ ಉಜ್ಜಾಟ ಇಲ್ಲವಲ್ಲ, ಬಹಳ ಹೊತ್ತು ತಿರುಗುತ್ತಿತ್ತೇನೋ. ಆದರೆ ಅದೇ ಉಜ್ಜಾಟದ ಕಾವಿನಲ್ಲಿ ತಾನೇ ಅದಕ್ಕೆ ಬಣ್ಣ ಹಿಡಿದದ್ದು ಎಂದು ನಾನು ಮನಸ್ಸಿನಲ್ಲೇ ಅಂದುಕೊಂಡೆ.

ಆ ಫೋನು ಬಂದ ವಾರವೇ ಚನ್ನಪಟ್ಟಣಕ್ಕೆ ಹೋದೆ. ಚಾಚಾ ತೀರಿಕೊಂಡು ಏಳು ವರ್ಷವಾಗಿದೆ. ಮಗ ಬಿಡದಿಯ ಕಾರ್ಖಾನೆಯೊಂದಕ್ಕೆ ಹೋಗುತ್ತಾನೆ. ತಿಂಗಳ ಮೊದಲ ವಾರ ಸಂಬಳ ಬರುತ್ತದೆ, ಅವನನ್ನು ದೂರುವ ಹಕ್ಕು ಯಾರಿಗೂ ಇಲ್ಲ. ಲೇತು ಮಾತ್ರ ನಿಂತಿಲ್ಲ. ಸೊಸೆ ಅದರ ಮುಂದೆ ಕೂತಿದ್ದರು. ಮಕ್ಕಳನ್ನು ಶಾಲೆಗೆ ಕಳಿಸಿದ ಮೇಲೆ ಮಧ್ಯಾಹ್ನದವರೆಗೆ, ಮತ್ತೆ ಅಸರ್ ಆದ ಮೇಲೆ ಕತ್ತಲಾಗುವವರೆಗೆ ಕೆಲಸ. ಮದುವೆಯಾಗಿ ಬಂದ ಹೊಸತರಲ್ಲಿ ಮಾವನ ಪಕ್ಕ ಕೂತು ಬಣ್ಣ ಹಾಕುವುದನ್ನು ಕಲಿತವರು, ಆಮೇಲೆ ಉಳಿ ಹಿಡಿಯುವುದನ್ನೂ ಕಲಿತರು. ಗಂಡಸರು ಬಿಟ್ಟುಹೋದ ಲೇತುಗಳ ಮುಂದೆ ಹೀಗೆ ಹೆಂಗಸರು ಕೂತಿರುವುದನ್ನು ಆ ಬೀದಿಯ ಇನ್ನೂ ಒಂದೆರಡು ಮನೆಗಳಲ್ಲಿ ಕಂಡೆ. ಆ ದಿನ ಅವರು ಮಾಡುತ್ತಿದ್ದುದು ಬೆರಳುದ್ದದ ದುಂಡು ಮನುಷ್ಯರನ್ನು, ಮಕ್ಕಳಿಗೆ ಲೆಕ್ಕ ಕಲಿಸುವ ಯಾವುದೋ ಆಟದ ಪೆಟ್ಟಿಗೆಗೆಂದು ಬಂದ ಆರ್ಡರು.

ಮುಗಿದ ಗೊಂಬೆಯೊಂದನ್ನು ಎತ್ತಿಕೊಂಡು ನೋಡಿದೆ. ತಳದಲ್ಲಿ ಪೆನ್ಸಿಲ್ಲಿನಿಂದ ಒಂದು ಸಣ್ಣ ಗೀಟು. ಪಕ್ಕದ ಬುಟ್ಟಿಯದರಲ್ಲಿ ಎರಡು ಗೀಟು. ಏನಿದು ಬಾಜಿ ಎಂದೆ. ಗುತ್ತಿಗೆಯವರು ನಾಲ್ಕು ಮನೆಯ ಮಾಲನ್ನು ಒಂದೇ ಮೂಟೆಗೆ ಸುರಿಯುತ್ತಾರೆ, ಆಮೇಲೆ ಯಾರದು ಎಷ್ಟು ಎಂಬ ಜಗಳ ಬೇಡವೆಂದು ಈ ಗುರುತು ಎಂದರು. ಒಂದು ಗೀಟು ಅವರದು, ಎರಡು ಗೀಟು ಪಕ್ಕದ ಮನೆಯ ಹೆಂಗಸಿನದು. ಅಂಗಡಿಯಲ್ಲಿ ಕೊಳ್ಳುವವರು ಅದನ್ನು ಕೊಳೆ ಎಂದುಕೊಂಡು ಒರೆಸಿಬಿಡುತ್ತಾರಂತೆ.

ಇಷ್ಟು ವರ್ಷ ನಾನು ಹುಡುಕುತ್ತಿದ್ದ ಮೂರನೆಯ ಬರಹ ಕೈಗೆ ಸಿಕ್ಕಂತಾಯಿತು. ಉತ್ಸಾಹದಲ್ಲಿ, ನಿಮ್ಮ ಬಗ್ಗೆ ಪತ್ರಿಕೆಗೆ ಬರೆಯುತ್ತೇನೆ, ಹೆಸರು ಹಾಕಲೇ ಎಂದು ಕೇಳಿದೆ. ಅವರು ಲೇತಿನ ಗುಂಡಿ ಒತ್ತಿ, ತಿರುಗುವ ಮರಕ್ಕೆ ಹಳದಿ ಅರಗು ಹಿಡಿದರು. ಅರಗು ಕರಗುವ ವಾಸನೆ ಬಂತು.

"ಹೆಸರು ಬೇಡ ಭಾಯ್, ಡಜನ್ನಿಗೆ ಎಷ್ಟು ಕೊಡ್ತಾರೆ ಅದನ್ನ ಬರೀರಿ" ಎಂದರು.

ಎಷ್ಟು ಎಂದು ಕೇಳಿದೆ. ಹೇಳಿದರು. ಆ ಅಂಕಿಯನ್ನು ಇಲ್ಲಿ ಬರೆದರೆ ಮುಂದಿನ ಮೂಟೆ ಅವರ ಮನೆಯ ಮುಂದೆ ನಿಲ್ಲದೆ ಹೋಗಬಹುದು, ಅದಕ್ಕೆ ಬರೆಯುತ್ತಿಲ್ಲ. ನೀವು ಹಳೆಯ ರಸ್ತೆಯಲ್ಲೇ ಒಮ್ಮೆ ಹೋಗಿ, ಚನ್ನಪಟ್ಟಣದಲ್ಲಿ ಇಳಿದು, ಲೇತಿನ ಸದ್ದು ಬರುವ ಮನೆಯ ಬಾಗಿಲಲ್ಲಿ ನಿಂತು ಕೇಳಿ. ಹೇಳುತ್ತಾರೆ. ಕೇಳಿದ ಮೇಲೆ ಒಂದು ಬುಗುರಿ ಕೊಳ್ಳಿ, ಚೌಕಾಸಿ ಬೇಡ. ಶೋಕೇಸಿನಲ್ಲಿ ಇಡಬೇಡಿ, ಮಗುವಿನ ಕೈಗೆ ಕೊಡಿ.